ಗಟ್ಟಿ ಕ್ಲಚ್ಚಿನ ಧಣಿ

ಮಾಡಿಫೈ ಮಾಡಿದ ಮಾರುತಿ 800ರ ಧಣಿ ನವಲಗುಂದ ತಾಲೂಕಿನ ಮೊರಬದಂಥ ದೊಡ್ಡ ಊರಲ್ಲಿ ಒಬ್ಬನಾದರೂ ಇದ್ದೇ ಇರುತ್ತಾನೆ. 1983ರಲ್ಲಿ ರಸ್ತೆಗಿಳಿದು 2014ರಲ್ಲಿ ತಯಾರಿಕೆ ನಿಂತ ಈ ಕಾರು ಅವನ ಕೈಗೆ ಬರುವಷ್ಟರಲ್ಲಿ ನಾಲ್ಕು ಮನೆ ಕಂಡಿರುತ್ತದೆ. ಅವನು 12 ಇಂಚಿನ ಗಾಲಿ ಬಿಚ್ಚಿ 13ರ ಅಲಾಯ್ ಹಾಕುತ್ತಾನೆ, ಸೈಲೆನ್ಸರ್ ಬದಲಿಸುತ್ತಾನೆ, ಡಿಕ್ಕಿ ತುಂಬ ಸ್ಪೀಕರ್ ಕೂಡ್ರಿಸುತ್ತಾನೆ, ಹಿಂದಿನ ಗಾಜಿನ ಮೇಲೆ ಮನೆದೇವರ ಹೆಸರು ಬರೆಸುತ್ತಾನೆ. ಮೂರು ಸಿಲಿಂಡರಿನ 796 ಸಿಸಿ ಎಂಜಿನ್ ಮಾತ್ರ ಮೊದಲಿನದೇ. ಅದರ ಟಾರ್ಕ್ 60 ನ್ಯೂಟನ್ ಮೀಟರಿನ ಆಸುಪಾಸು. ಹೆಚ್ಚಾದದ್ದು ಸಪ್ಪಳವೊಂದೇ.

ಕ್ಲಚ್ಚಿನ ಚಿಂತೆ ಅವನಿಗೆ ಹತ್ತುವುದು ಮಳೆಗಾಲದಲ್ಲಿ, ಎರಿಹೊಲದ ದಾರಿಯಲ್ಲಿ. ಹಸಿ ಎರಿಮಣ್ಣು ಗಾಲಿಗೆ ಮೆತ್ತಿ ಗಾಡಿ ಹೂತರೆ ಹಾಫ್ ಕ್ಲಚ್ಚಿನಲ್ಲೇ ನಿಂತು ಆಕ್ಸಿಲರೇಟರ್ ತುಳಿಯುತ್ತಾನೆ. 155/65ರ ಹೊಸ ಟೈರಿನ ಸುತ್ತಳತೆ ಹಳೆಯದಕ್ಕಿಂತ ಶೇಕಡಾ 5ರಷ್ಟು ಹೆಚ್ಚು. ಅದರಿಂದ ಗಾಡಿ ಕದಲಿಸಲು ಕ್ಲಚ್ ಮೊದಲಿಗಿಂತ ಹೆಚ್ಚು ಜಾರಬೇಕು. ಸುಟ್ಟ ವಾಸನೆ ಬರುತ್ತದೆ. ಮರುದಿನದಿಂದ ಟಾಪ್ ಗೇರಿನಲ್ಲಿ ಎಂಜಿನ್ ಕೂಗುತ್ತದೆ, ಗಾಡಿ ಓಡುವುದಿಲ್ಲ.

ರೋಗನಿರ್ಣಯ ಚಹಾದಂಗಡಿಯಲ್ಲಿ ಆಗುತ್ತದೆ. ಟ್ರ್ಯಾಕ್ಟರ್ ಇಟ್ಟ ಕಾಕಾನೊಬ್ಬ, “ಪ್ಲೇಟ್ ಹೋತಲೇ ತಮ್ಮಾ, ನಮ್ಮ ಟ್ರ್ಯಾಕ್ಟರಿಂದಿದ್ಧಂಗ ಗಟ್ಟೀದು ಹಾಕ್ಸು” ಅನ್ನುತ್ತಾನೆ. ಮಿಸ್ತ್ರಿಯ ಮಾತು ಬೇರೆ: “ಅಣ್ಣಾರ, ಮೊದಲ ಕೇಬಲ್ ನೋಡೂಣ್ರಿ.” ಕೇಬಲ್ ಬಿಗಿಯಾಗಿ ಪೆಡಲಿಗೆ ಸಡಿಲು ಉಳಿಯದಿದ್ದರೆ ರಿಲೀಸ್ ಬೇರಿಂಗ್ ಸದಾ ಪ್ರೆಶರ್ ಪ್ಲೇಟಿನ ಸ್ಪ್ರಿಂಗನ್ನು ಒತ್ತುತ್ತಲೇ ಇರುತ್ತದೆ, ಹಿಡಿತ ತಪ್ಪುತ್ತದೆ. ಎಂಜಿನ್ನಿನ ಹಿಂದಿನ ಸೀಲ್ ಸೋರಿ ಪ್ಲೇಟಿಗೆ ಆಯಿಲ್ ಹತ್ತಿದರೂ ಅದೇ ಪಾಡು. ಹೊಸ ಪ್ಲೇಟೂ ಜಾರುತ್ತದೆ. ಕೇಬಲ್ ಸಡಿಲಿಸುವುದು ಅಗ್ಗದ ರಿಪೇರಿಯಾದ್ದರಿಂದ ಧಣಿಯ ಮರ್ಯಾದೆಗೆ ಒಗ್ಗುವುದಿಲ್ಲ.

ಕ್ಲಚ್ ಎಷ್ಟು ಟಾರ್ಕ್ ತಾಳುತ್ತದೆ ಎಂಬುದು ಒತ್ತುವ ಬಲ, ಲೈನಿಂಗಿನ ಘರ್ಷಣೆ, ಸರಾಸರಿ ತ್ರಿಜ್ಯ, ಉಜ್ಜುವ ಮೈಗಳ ಸಂಖ್ಯೆ ಇವುಗಳ ಗುಣಾಕಾರ. ಮೈಗಳು ಎರಡೇ, ಅಗಲವನ್ನು ಫ್ಲೈವೀಲ್ ಗೊತ್ತು ಮಾಡಿರುತ್ತದೆ. ಉಳಿದದ್ದು ಸ್ಪ್ರಿಂಗು, ಲೈನಿಂಗು. ಸ್ಪ್ರಿಂಗ್ ಬಿರುಸಾದರೆ ಪೆಡಲ್ ಭಾರವಾಗುತ್ತದೆ, ಕೇಬಲ್ ಬೇಗ ಸವೆಯುತ್ತದೆ, ಪೆಡಲ್ ತುಳಿದಾಗಲೆಲ್ಲ ಕ್ರ್ಯಾಂಕಿನ ಥ್ರಸ್ಟ್ ವಾಷರಿಗೆ ಹೊರೆ. ಸಿರಾಮಿಕ್ ಗುಂಡಿಗಳ ಪ್ಲೇಟ್ ಕಾವು ತಾಳುತ್ತದೆ, ಆದರೆ ಗಪ್ಪನೆ ಹಿಡಿಯುತ್ತದೆ. ಟ್ರ್ಯಾಕ್ಟರಿಗೆ ಅದು ಒಪ್ಪುತ್ತದೆ, ಸಂತೆಯ ದಿನ ಇಂಚಿಂಚು ಸರಿಯಬೇಕಾದ ಪುಟ್ಟ ಕಾರಿಗಲ್ಲ. ಈ ಗಾಡಿಗೆ ಕಂಪನಿ ಅಳತೆಯ, ಆರ್ಗ್ಯಾನಿಕ್ ಲೈನಿಂಗಿನ ಒಳ್ಳೆಯ ಸೆಟ್ ಧಾರಾಳ ಸಾಕು. ಮಾರುತಿ ಎಸ್ಟೀಮಿನ 1298 ಸಿಸಿ ಎಂಜಿನ್ ಕೂಡ್ರಿಸಿದ್ದರೆ ಮಾತು ಬೇರೆ. ಆಗ ಅದರ ಫ್ಲೈವೀಲ್ ಅಳತೆ, ಗೇರ್‌ಬಾಕ್ಸ್ ಶಾಫ್ಟಿನ ಹಲ್ಲು ಎರಡೂ ಪ್ಲೇಟಿಗೆ ಹೊಂದಬೇಕು.

ಹುಬ್ಬಳ್ಳಿಯ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಧಣಿ ಹಲ್ಲು ಎಣಿಸುವುದಿಲ್ಲ. ಎರಡು ಪ್ಲೇಟನ್ನು ಎರಡು ಕೈಯಲ್ಲಿ ಹಿಡಿದು ಕುಂಬಳಕಾಯಿಯಂತೆ ತೂಗಿ ನೋಡುತ್ತಾನೆ. “ಇದು ಭಾರ ಐತ್ರಿ, ಇದ ಒರಿಜಿನಲ್.” ಅಂಗಡಿಯವನು ಅಲ್ಲಗಳೆಯುವುದಿಲ್ಲ, ಭಾರದ್ದಕ್ಕೇ ರೇಟು ಹೆಚ್ಚು.

ಗೇರ್‌ಬಾಕ್ಸ್ ಇಳಿಸುವ ಕೂಲಿ ಒಂದೇ ಆದ್ದರಿಂದ ಪ್ಲೇಟು, ಪ್ರೆಶರ್ ಪ್ಲೇಟು, ಬೇರಿಂಗು ಮೂರನ್ನೂ ಕೂಡಿಯೇ ಬದಲಿಸುವುದು, ಕಾವಿಗೆ ನೀಲಿಗಟ್ಟಿದ ಫ್ಲೈವೀಲನ್ನು ಲೇತಿನಲ್ಲಿ ಫೇಸಿಂಗ್ ಮಾಡಿಸುವುದು ಜಾಣತನ. ಪ್ಲೇಟಿಗೆ ದುಡ್ಡು ಸುರಿದ ಧಣಿ ಬೇರಿಂಗಿನಲ್ಲಿ ಉಳಿತಾಯ ಮಾಡುತ್ತಾನೆ. ಆ ಹಳೆಯ ಬೇರಿಂಗ್ ಕಿರುಗುಟ್ಟತೊಡಗಿದರೆ ಗೇರ್‌ಬಾಕ್ಸ್ ಮತ್ತೆ ಇಳಿಯುತ್ತದೆ, ಕೂಲಿ ಮತ್ತೆ ಬೀಳುತ್ತದೆ.

ಹೊಸ ಲೈನಿಂಗ್ ಕೂಡ್ರುವ ತನಕ ಕೆಲವು ನೂರು ಕಿಲೋಮೀಟರ್ ಹಗುರಾಗಿ ಓಡಿಸಬೇಕು. ಧಣಿ ಅದೇ ಸಂಜೆ ಐದು ಮಂದಿಯನ್ನು ತುಂಬಿಕೊಂಡು ತುಪ್ಪರಿಹಳ್ಳದ ಕಡೆ ಹೋಗಿ, ಏರಿನಲ್ಲಿ ನಿಲ್ಲಿಸಿ ಕ್ಲಚ್ ಬಿಡುತ್ತಾನೆ. ಗಾಡಿ ಒಮ್ಮೆ ಕುಪ್ಪಳಿಸಿ, ಹಿಂದೆ ಕುಳಿತವರ ತಲೆ ಸ್ಪೀಕರಿಗೆ ಬಡಿಸಿ, ಜಗ್ಗಿಕೊಂಡು ಹೋಗುತ್ತದೆ. ಗಟ್ಟಿ ಪ್ಲೇಟಿನ ಕೀರ್ತಿ ಊರೆಲ್ಲ ಹಬ್ಬುತ್ತದೆ. ಗೇರ್‌ಬಾಕ್ಸ್ ಏರಿಸುವಾಗ ಮಿಸ್ತ್ರಿ ಕೇಬಲ್ಲನ್ನೂ ಸಡಿಲಿಸಿದ್ದನ್ನು ಯಾರೂ ಕೇಳುವುದಿಲ್ಲ, ಅವನೂ ಹೇಳುವುದಿಲ್ಲ. ಬಿಲ್ಲು ಇನ್ನೂ ಅರ್ಧ ಬಾಕಿ ಇರುತ್ತದೆ.