ಪಲ್ಲೀಸರಟ ತಾಪನಿರ್ಣಯ: ಬಿಸಿಲುನಾಡಿನ ಒಂದು ಶಾಸ್ತ್ರವಿಚಾರ

ಹಲ್ಲಿ ಮೈಮೇಲೆ ಎಲ್ಲಿ ಬಿದ್ದರೆ ಏನು ಫಲ ಎಂಬುದನ್ನು ನಮ್ಮ ಪಂಚಾಂಗಕರ್ತರು ನೆತ್ತಿಯಿಂದ ಅಂಗಾಲಿನವರೆಗೆ ನಿರ್ಣಯಿಸಿದ್ದಾರೆ. ಆದರೆ ಹಲ್ಲಿಯ ಮೇಲೆ ರಾಯಚೂರಿನ ಬಿಸಿಲು ಬಿದ್ದರೆ ಏನು ಫಲ? ಈ ವಿಷಯದಲ್ಲಿ ಅವರು ಮೌನ ವಹಿಸಿದ್ದರಿಂದಲೇ ಪ್ರಸ್ತುತ ಗ್ರಂಥಕ್ಕೆ ಎಡೆ ಸಿಕ್ಕಿತು.

ಮೊದಲು ಪೂರ್ವಪಕ್ಷ. ಹಲ್ಲಿ, ಓತಿಕ್ಯಾತಗಳದು ತಣ್ಣನೆಯ ರಕ್ತವೆಂದು ಶಾಲಾಪುಸ್ತಕಗಳ ಮತ. ಮೇ ತಿಂಗಳ ರಾಯಚೂರಿನಲ್ಲಿ ‘ತಣ್ಣನೆ’ ಎನ್ನಿಸಿಕೊಳ್ಳುವ ಹಕ್ಕು ಕಬ್ಬಿನ ಹಾಲಿಗೂ ಇಲ್ಲವಾದ್ದರಿಂದ ಈ ಮತ ಖಂಡಿತವಾಯಿತು. ಬಿಸಿಲು ಕಾಸಿದ ಓತಿಯ ರಕ್ತ ಹೆಚ್ಚುಕಡಿಮೆ ನಮ್ಮದರಷ್ಟೇ ಬಿಸಿ. ನಾವು ಉಂಡ ರೊಟ್ಟಿಯನ್ನು ಒಳಗೇ ಉರಿಸಿ 37 ಡಿಗ್ರಿ ಕಾಯ್ದುಕೊಳ್ಳುತ್ತೇವೆ; ಓತಿ ಆ ಖರ್ಚನ್ನು ಸೂರ್ಯನ ಲೆಕ್ಕಕ್ಕೆ ಬರೆಯುತ್ತದೆ. ಅದಕ್ಕೇ ಓತಿಗೆ ಒಂದಿಷ್ಟು ಹುಳ ಸಾಕು, ನಮಗೆ ಮಂಡಾಳು ಒಗ್ಗರಣೆಯ ಮೇಲೆ ಮಿರ್ಚಿಯೂ ಬೇಕು.

ಪ್ರತ್ಯಕ್ಷ ಪ್ರಮಾಣ ಬೇಕೆನ್ನುವವರು ರಾಯಚೂರು ಕೋಟೆಗೆ ಬರಬೇಕು. 1294ರಲ್ಲಿ ಗೋರೆ ಗಂಗಯ್ಯ ರೆಡ್ಡಿ ಕಟ್ಟಿಸಿದ ಈ ಕೋಟೆಯ ಗೋಡೆಯಲ್ಲಿ ನಲವತ್ತು ಅಡಿ ಮೀರಿದ ಶಾಸನದ ಕಲ್ಲೊಂದಿದೆ. ವಿದ್ವಾಂಸರು ಅದನ್ನು ಓದಿ ಶಕ-ಸಂವತ್ಸರ ಹೇಳಿದರು. ಬಂಡೆ ಓತಿ ಇಂಥ ಕಲ್ಲನ್ನು ಹೊಟ್ಟೆಯಿಂದಲೇ ಓದಿ ಗಂಟೆ ಹೇಳುತ್ತದೆ. ಬೆಳಗ್ಗೆ ಮೈ ಚಪ್ಪಟೆ ಮಾಡಿ, ಪಕ್ಕೆಯನ್ನು ಸೂರ್ಯನಿಗೊಡ್ಡಿ ಮಲಗುತ್ತದೆ. ಕಲ್ಲು ಕಾದಂತೆ ಮುಂಗಾಲು ಸೆಟೆಸಿ ಎದೆಯೆತ್ತುತ್ತದೆ, ಬೆರಳನ್ನೂ ಎತ್ತುತ್ತದೆ. ಇನ್ನೂ ಕಾದರೆ ಬಾಯಿ ತೆರೆದು ಏದುತ್ತದೆ. ಆಮೇಲೆ ಬಿರುಕು ಸೇರಿ, ಇಳಿಹೊತ್ತಿಗೆ ಮತ್ತೆ ಹಾಜರ್. ಪೇಟೆಯ ಅಂಗಡಿಕಾರರೂ ಮಧ್ಯಾಹ್ನ ಅರ್ಧ ಶಟರ್ ಎಳೆದು ಇಳಿಹೊತ್ತಿಗೆ ಎತ್ತುತ್ತಾರೆ. ಯಾರು ಯಾರಿಂದ ಕಲಿತರೆಂಬುದನ್ನು ಎರಡನೆಯ ಸಂಪುಟಕ್ಕೆ ಬಿಟ್ಟಿದ್ದೇವೆ.

ಗಂಡು ಬಂಡೆ ಓತಿ ಹೆಣ್ಣಿನೆದುರು ಬೆನ್ನು ಕೆಂಪು, ಪಕ್ಕೆ ಕಪ್ಪು ಮಾಡಿಕೊಳ್ಳುತ್ತದೆ. ಎದುರಾಳಿ ಗಂಡು ಬಂದರೆ ಬೆನ್ನು ಹಳದಿ, ಪಕ್ಕೆ ಕಿತ್ತಳೆ. ಎಲ್ಲವೂ ಸೆಕೆಂಡುಗಳಲ್ಲಿ. ಇದನ್ನು ಪಕ್ಷಾಂತರಕ್ಕೆ ಹೋಲಿಸುವ ಭಾಷಣಕಾರರ ರೂಢಿಯನ್ನು ಓತಿಗಳ ಪರವಾಗಿ ಪ್ರತಿಭಟಿಸುತ್ತೇವೆ. ಓತಿ ಬಣ್ಣ ಬದಲಿಸುತ್ತದೆ, ಬಂಡೆ ಬದಲಿಸುವುದಿಲ್ಲ.

ದೇವದುರ್ಗದ ಕಡೆ ಹೊಲದ ಬದು, ಬೇಲಿಯ ಜಾಲಿಗಳಲ್ಲಿ ತಲೆಯಾಡಿಸುವ ಸಾದಾ ಓತಿಕ್ಯಾತದ ಮಹಿಮೆ ಬೇರೆ. ಅದು ಮಣ್ಣಲ್ಲಿ ಮೊಟ್ಟೆ ಹೂತು ಹೋಗಿಬಿಡುತ್ತದೆ. ಮರಿ ಗಂಡೋ ಹೆಣ್ಣೋ ಎಂಬುದನ್ನು ಮೊಟ್ಟೆಗೆ ತಾಗುವ ಶಾಖ ತೀರ್ಮಾನಿಸುತ್ತದೆಂದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರಜ್ಞರು ತೋರಿಸಿದ್ದಾರೆ. ಜಾತಕ ಬರೆಯುವವರು ಗಮನಿಸಬೇಕು: ಇಲ್ಲಿ ಲೆಕ್ಕಕ್ಕೆ ಬರುವ ನಕ್ಷತ್ರ ಒಂದೇ, ಅದೂ ಹಗಲಿನದು.

ಮಾನ್ವಿಯಲ್ಲಿ ಎಡದಂಡೆ ಕಾಲುವೆಯ ಕೊನೆಭಾಗದ ರೈತ ಭತ್ತಕ್ಕೆ ನೀರು ಬಂದೀತೆಂದು ಕಾಯುತ್ತಾನೆ. ಓತಿ ಕಾಯುವುದಿಲ್ಲ, ಉಂಡ ಹುಳದಲ್ಲಿದ್ದ ತೇವವೇ ಅದಕ್ಕೆ ಬಹುಪಾಲು ಸಾಕು, ಮೂತ್ರವನ್ನೂ ಬಿಳಿ ಗಟ್ಟಿಯಾಗಿ ಹಾಕಿ ನೀರು ಉಳಿಸುತ್ತದೆ. ನೀರಾವರಿ ಸಲಹಾ ಸಮಿತಿಯಲ್ಲಿ ಅದಕ್ಕೊಂದು ಸ್ಥಾನ ಕೊಡಬಹುದು.

ಇನ್ನು ಮನೆಹಲ್ಲಿ. ಇದು ಬಿಸಿಲಿಗೆ ಬರುವುದೇ ಅಪರೂಪ. ಗೋಡೆ ಹಗಲೆಲ್ಲ ಕುಡಿದ ಕಾವನ್ನು ರಾತ್ರಿ ಹೊಟ್ಟೆಗೊತ್ತಿ ಎಳೆದುಕೊಳ್ಳುತ್ತದೆ. ಮಣ್ಣಿನ ಮಾಳಿಗೆ ಹೋಗಿ ಆರ್‌ಸಿಸಿ ಬಂದದ್ದರಿಂದ ನಿದ್ದೆಗೆಟ್ಟವರು ನಾವು. ರಾತ್ರಿಯಿಡೀ ಕಾದೇ ಇರುವ ಆ ಗೋಡೆ ಹಲ್ಲಿಗೆ ಪುಕ್ಕಟೆ ಒಲೆ. ಊಟದ ವ್ಯವಸ್ಥೆಯೋ, 1720 ಮೆಗಾವಾಟ್ ಸಾಮರ್ಥ್ಯದ ಶಕ್ತಿನಗರದ ಸ್ಥಾವರ ಟ್ಯೂಬ್‌ಲೈಟ್ ಉರಿಸುತ್ತದೆ, ಟ್ಯೂಬ್‌ಲೈಟ್ ಹುಳ ಕರೆಯುತ್ತದೆ. ಬಿಲ್ ಮಾತ್ರ ನಮ್ಮ ಹೆಸರಿಗೆ ಬರುತ್ತದೆ. ಕರೆಂಟು ಹೋದಾಗ ನಾವು ಚಾಪೆ ಹಿಡಿದು ಮಾಳಿಗೆ ಹತ್ತುತ್ತೇವೆ. ಹಲ್ಲಿ ಕದಲದೆ ‘ಲೊಚ್’ ಎನ್ನುತ್ತದೆ; ನಾವು ಅದನ್ನು ಶಕುನವೆಂದು ಬಗೆದು ನೆಲ ಕುಟ್ಟಿ ‘ಕೃಷ್ಣ ಕೃಷ್ಣ’ ಎನ್ನುತ್ತೇವೆ.

ಆದಕಾರಣ ವಾಚಕರಲ್ಲಿ ವಿನಂತಿ: ದೀಪಾವಳಿಗೆ ಸುಣ್ಣ ಬಳಿಸುವಾಗ ಟ್ಯೂಬ್‌ಲೈಟ್ ಪಟ್ಟಿಯ ಹಿಂದೆ ಕಸಬರಿಗೆ ಆಡಿಸಬೇಡಿ. ಸೊಳ್ಳೆ, ಹುಳ ತಿಂದು ಬಾಡಿಗೆ ತೀರಿಸುತ್ತಿರುವ ಬಿಡಾರ ಅದು.