ಮೂರು ತೂತಿನ ಬಾಣಂತನ

ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಮನೆಗಳಲ್ಲಿ ಹೆಂಗಸಿನ ಹೊಟ್ಟೆಗೆ ಸಂಬಂಧಿಸಿದಂತೆ ಎರಡೇ ಶಸ್ತ್ರಚಿಕಿತ್ಸೆಗಳಿಗೆ ಪೂರ್ಣ ಮಾನ್ಯತೆಯುಂಟು: ಒಂದು ಸಿಜೇರಿಯನ್, ಇನ್ನೊಂದು ಮಕ್ಕಳು ಸಾಕೆಂದು ಮಾಡಿಸಿಕೊಳ್ಳುವ ಆಪರೇಷನ್ನು. ಮೊದಲನೆಯದಕ್ಕೆ ತವರಿನಲ್ಲಿ ತಿಂಗಳುಗಟ್ಟಲೆ ಬಾಣಂತನ, ಕಿವಿಗೆ ಬಟ್ಟೆ, ಕುದಿಯುವ ನೀರಿನ ಸ್ನಾನ, ಬೆಳ್ಳುಳ್ಳಿ ಮೆಣಸಿನ ಸಾರು ಹಿಂದಿನಿಂದ ನಿಗದಿಯಾಗಿವೆ. ಎರಡನೆಯದಕ್ಕೆ ಒಂದು ವಾರದ ರಿಯಾಯಿತಿ ಇದೆ. ಈ ಎರಡೂ ಪಟ್ಟಿಗೆ ಸೇರದ ಎಂಡೊಮೆಟ್ರಿಯೋಸಿಸ್ ಎಂಬ ಕಾಯಿಲೆಗೆ ಲ್ಯಾಪರೊಸ್ಕೋಪಿ ಮಾಡಿಸಿಕೊಂಡು, ಮಡಿಲಲ್ಲಿ ಕೂಸಿಲ್ಲದೆ ಮನೆಗೆ ಬಂದವಳನ್ನು ಯಾವ ಶಾಸ್ತ್ರದ ಪ್ರಕಾರ ಉಪಚರಿಸಬೇಕೆಂಬುದು ಇನ್ನೂ ಇತ್ಯರ್ಥವಾಗದ ವ್ಯಾಜ್ಯ.

ಗರ್ಭಕೋಶದ ಒಳಪದರವನ್ನು ಹೋಲುವ ಅಂಗಾಂಶವು ಅದರ ಹೊರಗೆ, ಅಂದರೆ ಅಂಡಾಶಯ, ಅಂಡನಾಳ, ಕಿಬ್ಬೊಟ್ಟೆಯ ಒಳಪೊರೆ, ಕೆಲವೊಮ್ಮೆ ಕರುಳು, ಮೂತ್ರಕೋಶಗಳ ಮೇಲೂ ಬೆಳೆದು, ತಾನಿರುವ ಜಾಗ ಬೇರೆಯೆಂಬ ಪರಿವೆಯಿಲ್ಲದೆ ಮುಟ್ಟಿನ ಹಾರ್ಮೋನುಗಳಿಗೆ ತಿಂಗಳು ತಿಂಗಳೂ ಓಗೊಟ್ಟು ಉರಿಯೂತವನ್ನೂ ನೋವನ್ನೂ ಉಂಟುಮಾಡುವುದೇ ಈ ಕಾಯಿಲೆಯ ಸ್ವರೂಪ. ಹಾಗೆ ಅಂಡಾಶಯದಲ್ಲಿ ಹಳೆಯ ರಕ್ತ ತುಂಬಿ ಕಟ್ಟಿಕೊಂಡ ಗುಳ್ಳೆಯನ್ನು, ಬಣ್ಣದ ಹೋಲಿಕೆಯಿಂದ, ವೈದ್ಯರು ಚಾಕೊಲೇಟ್ ಸಿಸ್ಟ್ ಎನ್ನುತ್ತಾರೆ. ಇದನ್ನು ಕೇಳಿದ ಹಿರಿಯರು ಹುಡುಗಿ ಚಿಕ್ಕಂದಿನಲ್ಲಿ ಅಂಗಡಿಯಿಂದ ತಂದು ತಿಂದದ್ದರ ಲೆಕ್ಕ ತೆಗೆಯುವುದೂ ಉಂಟು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಹೆರುವ ವಯಸ್ಸಿನವರಲ್ಲಿ ಶೇ. 10ರಷ್ಟು, ಅಂದರೆ ಜಗತ್ತಿನ ಸುಮಾರು 19 ಕೋಟಿ ಹೆಣ್ಣುಮಕ್ಕಳಿಗೆ ಇದು ಇದೆ. ವಿಯೆನ್ನಾದ ರೊಕಿಟಾನ್‌ಸ್ಕಿ 1860ರಲ್ಲಿ ಇಂಥದ್ದನ್ನು ವರ್ಣಿಸಿ, ಅಮೆರಿಕದ ಜಾನ್ ಸ್ಯಾಂಪ್ಸನ್ 1920ರ ದಶಕದಲ್ಲಿ ಈಗಿನ ಹೆಸರಿನಿಂದ ಕರೆದರೂ, "ಮುಟ್ಟು ಅಂದ್ಮೇಲೆ ನೋವಿಲ್ದೆ ಇದ್ದದ್ದಾ, ಒಂದ್ ಮಗ ಆದ್ರೆ ಎಲ್ಲಾ ಸರೋಯ್ತದೆ ಬುಡವ್ವ" ಎಂಬ ದೊಡ್ಡವ್ವಂದಿರ ತೀರ್ಪಿನ ಎದುರು ಆ ಇಬ್ಬರು ವಿದ್ವಾಂಸರೂ ಇಂದಿಗೂ ಸೋಲುತ್ತಿರುವುದರಿಂದ, ರೋಗ ಪತ್ತೆಯಾಗುವ ಹೊತ್ತಿಗೆ ಅನೇಕರಿಗೆ ಹಲವು ವರ್ಷಗಳೇ ಕಳೆದಿರುತ್ತವೆ.

ಲ್ಯಾಪರೊಸ್ಕೋಪಿಯೆಂದರೆ ಹೊಕ್ಕುಳಲ್ಲೊಂದು, ಕಿಬ್ಬೊಟ್ಟೆಯ ಅಕ್ಕಪಕ್ಕದಲ್ಲಿ ಎರಡೋ ಮೂರೋ ಸಣ್ಣ ತೂತುಗಳನ್ನು ಮಾಡಿ, ಒಂದರಲ್ಲಿ ಕ್ಯಾಮೆರಾವನ್ನೂ ಮಿಕ್ಕವುಗಳಲ್ಲಿ ಉದ್ದನೆಯ ಉಪಕರಣಗಳನ್ನೂ ತೂರಿಸಿ, ಬೆಳೆದದ್ದನ್ನು ಸುಟ್ಟೋ ಕತ್ತರಿಸಿಯೋ ತೆಗೆಯುವ ವಿಧಾನ. ಸ್ವೀಡನ್ನಿನ ಜಾಕೊಬಿಯಸ್ ಮನುಷ್ಯರ ಹೊಟ್ಟೆಯೊಳಕ್ಕೆ ಹೀಗೆ ಇಣುಕಿದ್ದನ್ನು ಬರೆದದ್ದು 1910ರಲ್ಲಿ. ಒಳಗೆ ಕೈಯಾಡಲು ಜಾಗ ಬೇಕಾದ್ದರಿಂದ, ಬೆಂಕಿ ಹತ್ತದ ಮತ್ತು ರಕ್ತದಲ್ಲಿ ಬೇಗ ಕರಗುವ ಇಂಗಾಲದ ಡೈಆಕ್ಸೈಡನ್ನು ತುಂಬಿ ಹೊಟ್ಟೆಯನ್ನು ಉಬ್ಬಿಸುತ್ತಾರೆ. ಉಳಿದುಹೋದ ಅನಿಲವು ವಪೆಯನ್ನು, ಎಂದರೆ ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುಪರದೆಯನ್ನು, ಕೆಣಕಿದಾಗ, ಆ ಪರದೆಯ ನರವೂ ಭುಜದ ನರಗಳೂ ಕತ್ತಿನ ಒಂದೇ ಭಾಗದಿಂದ ಹೊರಡುವ ಕಾರಣ, ಕೊಯ್ದದ್ದು ಹೊಟ್ಟೆಯಾದರೂ ನೋಯುವುದು ಭುಜ. ಎರಡು ಮೂರು ದಿನ ಮೆಲ್ಲಗೆ ಓಡಾಡಿದರೆ ಅದು ತಾನಾಗಿ ಇಳಿಯುತ್ತದೆಂದು ವೈದ್ಯರು ಹೇಳಿ ಕಳಿಸಿದ್ದರೂ, ಮನೆಯಲ್ಲಿ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಾರೆ. ಆ ಘಾಟಿಗೆ ಕೆಮ್ಮು ಬಂದು, ಕೆಮ್ಮಿಗೆ ಹೊಲಿಗೆ ಜಗ್ಗಿ, ರೋಗಿಯು ಭುಜದ ನೋವನ್ನು ನಿಜವಾಗಿಯೂ ಮರೆಯುವುದರಿಂದ, ದೃಷ್ಟಿ ತೆಗೆದದ್ದು ಫಲ ಕೊಟ್ಟಿತೆಂದೇ ದಾಖಲಾಗುತ್ತದೆ.

ಇದರ ಜೊತೆಗೆ ಗಾಳಿಯ ವಿಚಾರಣೆಯೊಂದಿದೆ. "ಗ್ಯಾಸ್ ಹೋಯ್ತಾ?" ಎಂದು ನರ್ಸು ವಾರ್ಡಿಗೆಲ್ಲ ಕೇಳುವಂತೆ ವಿಚಾರಿಸುವುದು, ಅರಿವಳಿಕೆಯಿಂದ ಮಂಕಾದ ಕರುಳು ಮತ್ತೆ ಕೆಲಸಕ್ಕೆ ಹಾಜರಾಯಿತೇ ಎಂದು ತಿಳಿಯಲು. ತುಂಬಿಸಿದ ಅನಿಲವು ರಕ್ತದಲ್ಲಿ ಕರಗಿ ಉಸಿರಿನ ಮೂಲಕ ಹೊರಹೋಗುವುದೇ ಹೊರತು ಈ ದಾರಿಯಲ್ಲಲ್ಲ. ಆದರೂ ಅತ್ತೆಯವರು ತುಂಬಿಸಿದ ಅನಿಲವೇ ಹೀಗೆ ಹೊರಬಿತ್ತೆಂದು ಬಗೆದು, ಶುಭವಾರ್ತೆಯನ್ನು ಮಳವಳ್ಳಿಯ ನಾದಿನಿಗೂ ಮದ್ದೂರಿನ ಬೀಗರಿಗೂ ಫೋನಿನಲ್ಲಿ ತಲುಪಿಸುತ್ತಾರೆ.

ಚೇತರಿಕೆಯ ನಿಜವಾದ ಶತ್ರು ಲಂಗದ ಲಾಡಿ. ಅದು ಕಟ್ಟುವ ಜಾಗವೂ ಕಿಬ್ಬೊಟ್ಟೆಯ ತೂತುಗಳ ಆಸುಪಾಸೂ ಹೆಚ್ಚುಕಡಿಮೆ ಒಂದೇ ಆದ್ದರಿಂದ ಸೀರೆಗೆ ರಜೆ ಕೊಟ್ಟು ನೈಟಿ ತೊಡಬೇಕಾಗುತ್ತದೆ, ನೈಟಿ ತೊಟ್ಟ ಸೊಸೆ ಬಂದವರೆದುರು ಹೆಗಲ ಮೇಲೊಂದು ಟವೆಲು ಹೊದೆಯಬೇಕಾಗುತ್ತದೆ, ಮತ್ತು ಟವೆಲು ಕೂರುವುದು ಆ ನೋಯುವ ಭುಜದ ಮೇಲೆಯೇ. ಬಂದವರಾದರೋ ಗಾಯವನ್ನು ಕಣ್ಣಾರೆ ಕಾಣದೆ ಹೋಗುವವರಲ್ಲ, ಮೂರು ಪುಟ್ಟ ಪಟ್ಟಿಗಳನ್ನು ನೋಡಿ, "ಇಷ್ಟೇಯಾ ಕುಯ್ದಿರದು? ನಾನೆಲ್ಲೋ ಅಡ್ಡಡ್ಡ ಸೀಳವ್ರೆ ಅನ್ಕಂಡಿದ್ದೆ ಕಣವ್ವ" ಎಂದು ನಿರಾಶರಾಗುತ್ತಾರೆ. ವಿಶ್ರಾಂತಿಯನ್ನು ಚರ್ಮದ ಮೇಲಿನ ಹೊಲಿಗೆಯ ಉದ್ದದಿಂದ ಅಳೆಯುವ ಈ ಪದ್ಧತಿಯೇ ಪೂರಾ ತಪ್ಪು: ತೂತು ಬೆರಳ ತುದಿಯಷ್ಟಿದ್ದರೂ, ಒಳಗೆ ಕರುಳಿಗೂ ಅಂಡಾಶಯಕ್ಕೂ ಅಂಟಿದ್ದನ್ನು ಬಿಡಿಸಲು ಗಂಟೆಗಟ್ಟಲೆ ಕೈಯಾಡಿಸಿರಬಹುದು. ಬದನೆಕಾಯಿ ನಂಜೆಂದು ಬಿಡಿಸಲು ಮರೆಯದ ಮನೆ, ಶುದ್ಧ ನೀರಿನ ಘಟಕದಿಂದ 20 ಲೀಟರಿನ ಕ್ಯಾನು ತರುವ ಹೊತ್ತಿಗೆ ಮಾತ್ರ ಆಪರೇಷನ್ನನ್ನು ಮರೆತಿರುತ್ತದೆ. ಅದು 20 ಕಿಲೋ ಭಾರ, ಕೆಲವು ವಾರ ಭಾರ ಎತ್ತಕೂಡದೆಂದು ಆಸ್ಪತ್ರೆಯ ಚೀಟಿಯಲ್ಲೇ ಬರೆದಿರುತ್ತದೆ.

ಹೊಲಿಗೆ ತೋರಿಸಲು ಮಳವಳ್ಳಿ ಕಡೆಯಿಂದ ಕೆ.ಎಂ.ದೊಡ್ಡಿ ಹಾದು ಮದ್ದೂರಿಗೆ ಬರುವಾಗ, ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ನಿಧಾನವಾಗಿ ಸಾಗುವುದು ಎಲ್ಲರಿಗೂ ಬೇಸರವಾದರೆ, ಹೊಟ್ಟೆಗೆ ದಿಂಬು ಅವುಚಿ ಕೂತವಳಿಗೆ ಅದೊಂದು ಉಪಕಾರ. ರಸ್ತೆಯ ಪ್ರತಿ ಹಂಪೂ ಅವಳಿಗೆ ಮೊದಲೇ ಗೊತ್ತಾಗುತ್ತದೆ. ಇನ್ನು ವಿಶ್ರಾಂತಿಯ ಮಾತಿಗೆ ಬಂದರೆ, 2025ರ ಅಕ್ಟೋಬರಿನಲ್ಲಿ ರಾಜ್ಯದ ಸಚಿವ ಸಂಪುಟವು ದುಡಿಯುವ ಹೆಂಗಸರಿಗೆ ತಿಂಗಳಿಗೊಂದು ದಿನ ಸಂಬಳಸಹಿತ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಿದ್ದು ಒಳ್ಳೆಯದೇ. ಆದರೆ ಅಡುಗೆಮನೆಯೊಂದು ಯಾವ ಸಂಪುಟದ ವ್ಯಾಪ್ತಿಗೂ ಬಾರದೆ ಉಳಿದಿದೆ. ಅತ್ತ ಈ ಕಾಯಿಲೆ ಶಸ್ತ್ರಚಿಕಿತ್ಸೆಯ ಮೇಲೂ ಮರಳಬಹುದಾದ್ದರಿಂದ ಮಾತ್ರೆ, ತಪಾಸಣೆಗಳು ಮುಂದುವರಿಯುತ್ತವೆ.

ನೋಡಲು ಹೋಗುವ ಬಂಧುಗಳು ಮದ್ದೂರಿನ ಎಳನೀರನ್ನು ಕೊಚ್ಚಿಸಿಕೊಂಡೇ ಒಯ್ಯಲಿ, "ಇನ್ನು ಮಕ್ಕಳಾಗ್ತವಾ?" ಎಂಬ ಪ್ರಶ್ನೆಯನ್ನು ಮನೆಯಲ್ಲೇ ಬಿಟ್ಟು ಹೋಗಲಿ, ಹೊಲಿಗೆ ಮಾಗುವವರೆಗೆ ದಯಮಾಡಿ ನಗಿಸದಿರಲಿ. ಮುಟ್ಟಾದಾಗಲೆಲ್ಲ ಹೊಟ್ಟೆ ಹಿಡಿದು ಮುದುಡಿ ಶಾಲೆ ತಪ್ಪಿಸುವ ಹುಡುಗಿ ಅವರ ಮನೆಯಲ್ಲೂ ಇದ್ದರೆ, ಮದುವೆಯ ಮಾತೆತ್ತುವ ಮೊದಲು ತಾಲ್ಲೂಕು ಆಸ್ಪತ್ರೆಯಲ್ಲೋ ಮಂಡ್ಯದ ಮಿಮ್ಸ್‌ನಲ್ಲೋ ಸ್ತ್ರೀರೋಗ ತಜ್ಞರಿಗೆ ತೋರಿಸಲಿ.