ಬರದ ನಾಡಿನ ಡೈವರ್ ವಾಚು

ಚಳ್ಳಕೆರೆಯಲ್ಲಿ ಮಳೆಗೆ ಬರವುಂಟು, ಸಲಹೆಗೆ ಎಂದೂ ಬರ ಬಂದದ್ದಿಲ್ಲ. ಎತ್ತು ಮಾರಲೋ ಬೇಡವೋ, ಶೇಂಗಾ ಈಗಲೇ ಮಂಡಿಗೆ ಹಾಕಲೋ ರೇಟು ಏರುವ ತನಕ ಕಾಯಲೋ, ಮಗನನ್ನು ಓದಿಸಲು ದಾವಣಗೆರೆಗೆ ಕಳಿಸಲೋ ತುಮಕೂರಿಗೋ, ಯಾವುದೇ ಇರಲಿ, ಟೀ ಅಂಗಡಿಯ ಮುಂದೆ ಐದು ನಿಮಿಷ ನಿಂತರೆ ಕೇಳದೆಯೇ ಇತ್ಯರ್ಥವಾಗುತ್ತದೆ. ನನ್ನ ತಕರಾರು ಮಾತ್ರ ಆ ಪಂಚಾಯಿತಿಗೂ ಹೊಸದು. ನನ್ನ ಹತ್ತಿರ ಒಂದು ಡೈವರ್ ವಾಚಿದೆ. ಅದನ್ನು ಕೊಟ್ಟು ಡ್ರೆಸ್ ವಾಚು ತೆಗೆದುಕೊಳ್ಳಲೋ ಬೇಡವೋ?

ಡೈವರ್ ವಾಚು ಅಂದರೆ ಉಸಿರಿನ ಸಿಲಿಂಡರು ಬೆನ್ನಿಗೆ ಕಟ್ಟಿಕೊಂಡು ಸಮುದ್ರದೊಳಗೆ ಇಳಿಯುವವರಿಗಾಗಿ ಮಾಡಿದ್ದು. 1953ರ ಸುಮಾರಿಗೆ ಬ್ಲಾಂಪೇನ್, ರೋಲೆಕ್ಸ್‌ನಂಥ ಸ್ವಿಸ್ ಕಂಪನಿಗಳು ಹೊರತಂದ ಜಾತಿ. ಮೈ ದಪ್ಪ, ಮುಖ ಸಾಮಾನ್ಯವಾಗಿ ಕಪ್ಪು, ಕತ್ತಲಲ್ಲಿ ಹೊಳೆಯುವ ಚುಕ್ಕೆಗಳು, ಸುತ್ತ ಒಂದು ಹಲ್ಲುಹಲ್ಲಿನ ಬಳೆ. ಈ ಬಳೆ ಒಂದೇ ದಿಕ್ಕಿಗೆ ತಿರುಗುತ್ತದೆ. ನೀರೊಳಗೆ ಬಂಡೆಗೆ ತಗುಲಿ ಜರುಗಿದರೂ ಅದು ‘ಇಳಿದು ಹೆಚ್ಚು ಹೊತ್ತಾಯಿತು, ಬೇಗ ಮೇಲೆ ಬಾ’ ಎಂದೇ ಹೇಳಬೇಕು. ‘ಇನ್ನೂ ಟೈಮಿದೆ’ ಎಂದು ಹೇಳಿಬಿಟ್ಟರೆ ಮನುಷ್ಯ ಅಲ್ಲೇ ಉಳಿಯುತ್ತಾನೆ. ಇದಕ್ಕೆಲ್ಲ ಐಎಸ್‌ಒ 6425 ಎಂಬ ಅಂತರರಾಷ್ಟ್ರೀಯ ಕಟ್ಟಳೆಯೇ ಇದೆ. ಕನಿಷ್ಠ 100 ಮೀಟರ್ ಆಳ ತಡೆಯಬೇಕು, ಬರೆದುಕೊಂಡ ಆಳಕ್ಕಿಂತ ಕಾಲು ಭಾಗ ಹೆಚ್ಚಿನ ಒತ್ತಡದಲ್ಲಿ ಪರೀಕ್ಷೆಯಾಗಬೇಕು, ಕತ್ತಲಲ್ಲಿ 25 ಸೆಂಟಿಮೀಟರ್ ದೂರಕ್ಕೆ ಕಾಣಬೇಕು.

ಡ್ರೆಸ್ ವಾಚಿಗೆ ಇಂಥ ಕಟ್ಟಳೆ ಯಾವುದೂ ಇಲ್ಲ, ಮರ್ಯಾದೆ ಮಾತ್ರ ಇದೆ. ತೆಳ್ಳಗಿರಬೇಕು, ಚರ್ಮದ ಪಟ್ಟಿ ಇರಬೇಕು, ತುಂಬುತೋಳಿನ ಅಂಗಿಯ ಕಫ್ಫಿನೊಳಗೆ ಸದ್ದಿಲ್ಲದೆ ಸೇರಿಕೊಳ್ಳಬೇಕು. ಹಿಂಬದಿಯಲ್ಲಿ 30 ಮೀಟರ್ ಎಂದು ಬರೆದಿರುತ್ತಾರೆ. ಅದನ್ನು ನಂಬಿ ಈಜಲು ಹೋಗಬಾರದು. ಊಟ ಮಾಡಿ ಕೈ ತೊಳೆಯುವಾಗ ನಾಲ್ಕು ಹನಿ ಬಿದ್ದರೆ ತೊಂದರೆಯಿಲ್ಲ ಎಂದಷ್ಟೇ ಅದರ ಅರ್ಥ.

ನನ್ನದು ಸೀಕೋ ಕಂಪನಿಯ ಎಸ್‌ಕೆಎಕ್ಸ್ 007. ಜಪಾನಿನವರು 1996ರಿಂದ 2019ರವರೆಗೆ ಮಾಡಿ ನಿಲ್ಲಿಸಿದ ಮಾಡೆಲ್ಲು. ಗಲ್ಫ್‌ನಲ್ಲಿದ್ದ ಗೆಳೆಯನಿಂದ ತರಿಸಿಕೊಂಡೆ. ದಪ್ಪ 13 ಮಿಲಿಮೀಟರಿಗೂ ಮಿಗಿಲು. ಬ್ಯಾಟರಿ ಇಲ್ಲ, ಕೀ ಕೊಡಲೂ ಬರುವುದಿಲ್ಲ. ಕೈ ಆಡಿದಂತೆ ತಾನೇ ಸುತ್ತಿಕೊಳ್ಳುತ್ತದೆ. ಎರಡು ದಿನ ಕಟ್ಟದೆ ಬಿಟ್ಟರೆ ನಿಂತುಹೋಗುತ್ತದೆ, ಆಮೇಲೆ ಹಿಡಿದು ಅಲ್ಲಾಡಿಸಬೇಕು. ಬೆಳಗ್ಗೆ ಬೆಳಗ್ಗೆ ನಾನು ವಾಚು ಅಲ್ಲಾಡಿಸುತ್ತ ನಿಂತದ್ದನ್ನು ಕಂಡ ಎದುರುಮನೆಯವರು ‘ಥರ್ಮಾಮೀಟರ್ರಾ? ಯಾರಿಗೆ ಜ್ವರ?’ ಎಂದು ವಿಚಾರಿಸಿದ್ದುಂಟು. ಡಯಲ್ಲಿನ ಮೇಲೆ 200 ಮೀಟರ್ ಎಂದು ಬರೆದಿದೆ. ನನ್ನ ಪೀಕಲಾಟವೆಲ್ಲ ಈ ಒಂದು ಸಾಲಿನಿಂದ.

ಒಮ್ಮೆ ಪರಶುರಾಂಪುರದ ಕಡೆಯ ಬಸ್ಸಿನಲ್ಲಿ ಪಕ್ಕ ಕೂತಿದ್ದ ಹಿರಿಯರೊಬ್ಬರು ನನ್ನ ಮುಂಗೈ ಹಿಡಿದು ತಿರುಗಿಸಿ ನೋಡಿದರು.

‘ಏನ್ ಸಾಮಿ, ಇಷ್ಟ್ ದಪ್ಪ ಐತಲ್ಲ ವಾಚು?’

‘ನೀರಿನ ವಾಚು ಯಜಮಾನ್ರೇ. ಇನ್ನೂರು ಮೀಟರ್ ಆಳಕ್ಕೆ ಇಳಿದ್ರೂ ಏನೂ ಆಗಲ್ಲ.’

‘ಇನ್ನೂರು ಮೀಟರ್ ಅಂದ್ರೆ ಎಷ್ಟು ಅಡಿ?’

‘ಆರುನೂರ ಐವತ್ತರ ಮೇಲೆ.’

ಅವರು ಸ್ವಲ್ಪ ಹೊತ್ತು ಲೆಕ್ಕ ಹಾಕಿದರು. ‘ನಮ್ ಹೊಲ್ದಾಗೆ ಎಂಟ್ನೂರು ಹೊಡ್ಸಿವ್ನಿ. ಬರೀ ಧೂಳು. ನಿಮ್ ವಾಚು ನೀರಿಗೆ ಇಳೀಬೇಕು ಅಂದ್ರೆ ಮೊದ್ಲು ಇನ್ನೊಂದು ಬೋರು ಹೊಡ್ಸಬೇಕು.’

ಇದಕ್ಕೆ ಏನು ಉತ್ತರ ಕೊಡುವುದು? ಸಮುದ್ರದವರಿಗೆ 200 ಮೀಟರ್ ಎಂದರೆ ಸಾಮಾನ್ಯ ಮನುಷ್ಯ ಇಳಿಯಲಾರದಷ್ಟು ನೀರು. ಹವ್ಯಾಸಕ್ಕೆ ಡೈವ್ ಮಾಡುವವರ ಮಿತಿಯೇ 40 ಮೀಟರ್. ನಮ್ಮವರಿಗೆ ಅದೇ 200 ಮೀಟರ್ ಎಂದರೆ ನೀರು ಇನ್ನೂ ಸಿಗದ ಜಾಗ. ರಾಜ್ಯದಲ್ಲಿ ಅತಿ ಕಡಿಮೆ ಮಳೆಯ ತಾಲ್ಲೂಕುಗಳ ಪಟ್ಟಿ ಮಾಡಿದಾಗಲೆಲ್ಲ ಚಳ್ಳಕೆರೆ, ಮೊಳಕಾಲ್ಮುರು ತಪ್ಪದೆ ಹಾಜರಿ ಹಾಕುತ್ತವೆ. ಒಂದು ಕಾಲಕ್ಕೆ ಶೇಂಗಾ ಎಣ್ಣೆಯ ಗಿರಣಿಗಳಿಂದ ಚಳ್ಳಕೆರೆಗೆ ಎರಡನೇ ಮುಂಬಯಿ ಎಂಬ ಹೆಸರಿತ್ತು. ಎಣ್ಣೆ ವ್ಯಾಪಾರದಲ್ಲಿ ಮಾತ್ರ. ಸಮುದ್ರದ ಪಾಲು ನಮಗೆ ಬರಲಿಲ್ಲ.

ವಾಚಿಗೆ ನೀರು ತೋರಿಸುವ ಪ್ರಯತ್ನವನ್ನೂ ಮಾಡದೆ ಇಲ್ಲ. ಹಿರಿಯೂರು ತಾಲ್ಲೂಕಿನ ಮಾರಿಕಣಿವೆಯ ವಾಣಿವಿಲಾಸ ಸಾಗರ 1907ರಲ್ಲಿ ಕಟ್ಟಿ ಮುಗಿದ ಅಣೆಕಟ್ಟು. ಅದು 1933ರಲ್ಲಿ ಒಮ್ಮೆ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ. 89 ವರ್ಷದ ಮೇಲೆ ವೇದಾವತಿ ಕೋಡಿಯಲ್ಲಿ ಧುಮುಕುವುದನ್ನು ನೋಡಲು ಜಿಲ್ಲೆಗೆ ಜಿಲ್ಲೆಯೇ ಹೋಯಿತು, ನಾನೂ ಹೋದೆ. ಜನ ಹೂವು, ಅರಿಸಿನ, ಕುಂಕುಮ ತಂದಿದ್ದರು. ನಾನು ವಾಚು ತಂದಿದ್ದೆ. ಹರಿದು ಬರುವ ನೀರಿನ ಅಂಚಿನಲ್ಲಿ ಕೂತು, ಬಳೆ ತಿರುಗಿಸಿ ಸೊನ್ನೆಗೆ ನಿಲ್ಲಿಸಿ, ಮುಂಗೈ ಮುಳುಗಿಸಿದೆ. ಆಳ ಅರ್ಧ ಅಡಿ ಇದ್ದೀತು. ಪಕ್ಕದಲ್ಲಿದ್ದ ಹೆಂಗಸು ‘ವಾಚ್ ಬಿಚ್ಚಿ ಕೈ ತೊಳ್ಕಳ್ರಪ್ಪ, ಹಾಳಾಗ್ತೈತೆ’ ಎಂದು ಗದರಿದರು. ಸರಿಯಮ್ಮ ಎಂದು ಎದ್ದು ಬಂದೆ.

ಹೀಗಿರುವಾಗ ಭಾಮೈದ ಬೆಂಗಳೂರಿನಿಂದ ಬಂದ. ಅವನು ಮೊಳಕಾಲ್ಮುರಿನಲ್ಲಿ ಹುಟ್ಟಿ ಬೆಳೆದವನು, ನನ್ನ ಹೆಂಡತಿಯ ತಮ್ಮ. ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದಲ್ಲಿ ಡೈವಿಂಗ್ ಕಲಿಯಲು ಹಣ ಕಟ್ಟಿದ್ದಾನಂತೆ. ಊಟಕ್ಕೆ ಕೂತಾಗ ಅವನ ಕಣ್ಣು ಹೋಳಿಗೆಯ ಮೇಲಿರಲಿಲ್ಲ.

‘ಭಾವ, ಈ ವಾಚು ನಿಮಗ್ಯಾಕೆ? ನಂಗೆ ಕೊಡಿ. ನನ್ನ ಎಡ್ಜ್ ನೀವಿಟ್ಕೊಳ್ಳಿ.’

ಎಡ್ಜ್ ಎಂದರೆ ಟೈಟನ್ ಎಡ್ಜ್. ನಮ್ಮ ಗಡಿ ದಾಟಿದೊಡನೆ ಸಿಗುವ ಹೊಸೂರಿನ ಕಾರ್ಖಾನೆಯವರು 2002ರಲ್ಲಿ ಹೊರತಂದದ್ದು. ಒಳಗಿನ ಯಂತ್ರ 1.15 ಮಿಲಿಮೀಟರ್, ವಾಚು ಪೂರ್ತಿ ಸೇರಿ 3.5 ಮಿಲಿಮೀಟರ್. ನನ್ನ ಒಂದು ವಾಚಿನ ದಪ್ಪಕ್ಕೆ ಅಂಥ ಮೂರನ್ನು ಪೇರಿಸಿದರೂ ಇನ್ನೂ ಜಾಗ ಉಳಿಯುತ್ತದೆ. ಅದು ಅವನ ಮದುವೆಯಲ್ಲಿ ಬೀಗರು ಕೊಟ್ಟ ವಾಚು. ಅದನ್ನು ನನಗೆ ದಾಟಿಸುವ ವಿಷಯ ಅವನ ಹೆಂಡತಿಗೆ ಗೊತ್ತೋ ಇಲ್ಲವೋ ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ.

ನ್ಯಾಯವಾಗಿ ನೋಡಿದರೆ ಇದಕ್ಕಿಂತ ಒಳ್ಳೆಯ ಸಾಟಿ ಇಲ್ಲ. ನೀರಿನ ವಾಚು ನೀರಿಗೆ ಹೋಗುತ್ತದೆ, ನೆಲದ ವಾಚು ನೆಲಕ್ಕೆ ಬರುತ್ತದೆ. ಹೆಂಡತಿಯೂ ಅವನ ಪಕ್ಷ. ಅವಳ ವಾದಕ್ಕೆ ತೂಕವೂ ಇತ್ತು, ಏಕೆಂದರೆ ಆ ವಾದ ಮೊಳಕಾಲ್ಮುರಿನಲ್ಲಿ ಹುಟ್ಟಿದ್ದು.

ಮೊಳಕಾಲ್ಮುರು ಸೀರೆ ಗೊತ್ತಲ್ಲ. ಶುದ್ಧ ರೇಷ್ಮೆ, ಕೈಮಗ್ಗ, ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ. ಮಗಳ ಮದುವೆಗೆಂದು ನಾವು ಅಲ್ಲಿನ ನೇಕಾರರೊಬ್ಬರ ಮನೆಗೆ ಹೋಗಿದ್ದೆವು. ಗುಣಿಯೊಳಗೆ ಕಾಲಿಳಿಬಿಟ್ಟು ಮಗ್ಗದ ಮುಂದೆ ಕೂತಿದ್ದ ಅವರ ಕೈಯಲ್ಲಿ ವಾಚೂ ಇರಲಿಲ್ಲ, ಉಂಗುರವೂ ಇರಲಿಲ್ಲ. ಎರಡನ್ನೂ ಬಿಚ್ಚಿ ಗೋಡೆಯ ಮೊಳೆಗೆ ನೇತುಹಾಕಿದ್ದರು. ನಾನು ತಿಳಿದವನಂತೆ, ನೆಯ್ದು ಮಡಿಸಿಟ್ಟಿದ್ದ ಸೀರೆಯ ಸೆರಗಿನ ಕೆಳಗೆ ಕೈ ತೂರಿಸಿ ಹೊಳಪು ನೋಡಿದೆ. ಕೈ ಈಚೆ ತೆಗೆಯುವಾಗ ಬಳೆಯ ಹಲ್ಲಿಗೆ ಒಂದು ಎಳೆ ಸಿಕ್ಕಿಕೊಂಡಿತು. ನೇಕಾರರು ಮಾತೇ ಆಡಲಿಲ್ಲ. ಎದ್ದು ಬಂದು, ನನ್ನ ಮುಂಗೈಯನ್ನು ಎರಡೂ ಕೈಯಲ್ಲಿ ಹಿಡಿದು, ಬಳೆಯನ್ನು ಟಿಕ್ ಟಿಕ್ ಎಂದು ಒಂದೊಂದೇ ಹಲ್ಲು ತಿರುಗಿಸಿ ಎಳೆ ಬಿಡಿಸಿದರು. ಎಳೆ ಹರಿಯಲಿಲ್ಲ. ಆದರೂ ನಾವು ನೋಡಲು ಹೋದ ಸೀರೆಯ ಜೊತೆಗೆ ಆ ಸೀರೆಯನ್ನೂ ಕೊಂಡು ಬಂದೆವು. ಕೊಳ್ಳದೆ ಬರುವ ಮುಖ ನನಗಿರಲಿಲ್ಲ. ‘ಐದು ಸಾವಿರದ ವಾಚಿಗೆ ಹದಿನೈದು ಸಾವಿರದ ದಂಡ’ ಎಂದು ಹೆಂಡತಿ ಇಂದಿಗೂ ಹೇಳುತ್ತಾಳೆ. ಸೀರೆ ಉಡುವಾಗ ಹೇಳುವುದಿಲ್ಲ.

ನಿಜ ಹೇಳಬೇಕೆಂದರೆ ಎರಡು ವಾಚುಗಳ ನಡುವಿನ ವ್ಯತ್ಯಾಸ ಚಳ್ಳಕೆರೆಯ ಕಂಬಳಿಗೂ ಮೊಳಕಾಲ್ಮುರು ಸೀರೆಗೂ ಇರುವ ವ್ಯತ್ಯಾಸವೇ. ಒಂದು ಒರಟು, ಚುಚ್ಚುತ್ತದೆ, ಹಾಸಿದರೂ ಹೊದ್ದರೂ ದೂರು ಹೇಳುವುದಿಲ್ಲ. ಇನ್ನೊಂದನ್ನು ಬೀರುವಿನಲ್ಲಿಟ್ಟು ವರ್ಷಕ್ಕೆ ನಾಲ್ಕು ಸಲ ತೆಗೆಯುತ್ತೇವೆ. ರೇಷ್ಮೆ ಉಟ್ಟವರ ಪಕ್ಕ ಕಂಬಳಿ ಹೊದ್ದು ನಿಂತರೆ ಫೋಟೋದಲ್ಲಿ ಚೆನ್ನಾಗಿ ಕಾಣುವುದಿಲ್ಲ ಎಂಬುದು ಹೆಂಡತಿಯ ವಾದದ ಸಾರ.

ಫೋಟೋಗೆ ನನ್ನ ಬಳಿ ಜವಾಬಿತ್ತು. 1964ರ ‘ಗೋಲ್ಡ್‌ಫಿಂಗರ್’ ಸಿನಿಮಾದ ಶುರುವಿನಲ್ಲಿ ಜೇಮ್ಸ್ ಬಾಂಡ್ ನೀರಿನಿಂದ ಎದ್ದು ಬಂದು ಡೈವಿಂಗ್ ಉಡುಪು ಕಳಚುತ್ತಾನೆ. ಒಳಗೆ ಇಸ್ತ್ರಿ ಕೆಡದ ಬಿಳಿ ಕೋಟು, ಕೈಯಲ್ಲಿ ರೋಲೆಕ್ಸ್ ಡೈವರ್. ಅಷ್ಟು ದೊಡ್ಡ ಮನುಷ್ಯನೇ ಪಾರ್ಟಿಗೆ ಡೈವರ್ ವಾಚು ಕಟ್ಟಿರುವಾಗ ನನ್ನದೇನು ಎಂದೆ. ‘ಅವನು ನೀರಿಂದ ಬಂದಿದ್ದ, ರೀ. ನೀವು ಚಳ್ಳಕೆರೆ ಬಸ್ ಸ್ಟ್ಯಾಂಡಿಂದ ಬಂದಿರ್ತೀರ’ ಎಂದಳು. ಅಲ್ಲಿಗೆ ಬಾಂಡ್ ಮುಗಿದ.

ಬಸ್ ಸ್ಟ್ಯಾಂಡಿನ ಮಾತು ಬಂದದ್ದರಿಂದ ಒಂದು ವಿಷಯ ಹೇಳಬೇಕು. ಆ ಬಳೆ ನನಗೆ ನಿಜವಾಗಿ ಉಪಯೋಗಕ್ಕೆ ಬಿದ್ದ ಏಕೈಕ ಜಾಗ ಅದು. ‘ಇನ್ನ್ ಹತ್ತೇ ನಿಮಿಷ, ಹೊಳ್ಟುಬಿಡ್ತದೆ’ ಎಂದು ಕಂಡಕ್ಟರು ಅಂದ ಕೂಡಲೇ ಬಳೆ ತಿರುಗಿಸಿ ಇಟ್ಟುಕೊಳ್ಳುತ್ತೇನೆ. ಆದರೆ ಅದರಲ್ಲಿರುವುದು ಅರವತ್ತು ನಿಮಿಷ ಮಾತ್ರ. ಸಮುದ್ರಕ್ಕೆ ಅಷ್ಟು ಸಾಕು, ಬಸ್ಸಿಗೆ ಸಾಲದು.

ಕೊನೆಗೆ ವಾಚ್ ರಿಪೇರಿಯವರ ಹತ್ತಿರ ಹೋದೆ. ಪೆಟ್ಟಿಗೆಯಷ್ಟಗಲದ ಅಂಗಡಿ, ಒಂದು ಟೇಬಲ್ಲು, ಗಾಜಿನ ಮುಚ್ಚಳದ ಬಟ್ಟಲುಗಳು. ಬೆಂಗಳೂರಿನಲ್ಲಿ 1961ರಲ್ಲಿ ಜಪಾನಿನ ಸಿಟಿಜನ್ ಸಹಯೋಗದಿಂದ ಶುರುವಾದ ಎಚ್‌ಎಂಟಿ ವಾಚುಗಳ ಮೇಲೆ ಕೆಲಸ ಕಲಿತವರು. ಆ ವಾಚು ಕಂಪನಿಯ ಬಾಗಿಲು ಹಾಕಲು ಸರ್ಕಾರ 2016ರಲ್ಲಿ ತೀರ್ಮಾನಿಸಿತು. ಇವರ ಡಬ್ಬಿಯಲ್ಲಿ ಜನತಾ, ಪೈಲಟ್, ಕೋಹಿನೂರ್‌ಗಳ ಬಿಡಿಭಾಗಗಳು ಇನ್ನೂ ಇವೆ. ನನ್ನ ಕತೆಯನ್ನೆಲ್ಲ ಕೇಳಿಸಿಕೊಂಡು, ಮಾತಾಡದೆ, ರಿಪೇರಿಗೆ ಬಂದಿದ್ದ ಒಂದು ತೆಳು ವಾಚಿನ ಹಿಂಬದಿ ಬಿಚ್ಚಿ ನನ್ನ ಕಡೆ ತಳ್ಳಿದರು, ಐಗ್ಲಾಸನ್ನೂ ಕೊಟ್ಟರು. ಕಣ್ಣಿಗೆ ಸಿಗಿಸಿಕೊಂಡು ನೋಡಿದೆ. ಹಲ್ಲುಚಕ್ರಗಳ ಸಂದಿಯಲ್ಲಿ ಕೆಂಪು ಮಣ್ಣಿನ ಹುಡಿ, ಅದರ ಮಧ್ಯೆ ಶೇಂಗಾ ಸಿಪ್ಪೆಯ ಒಂದು ಚೂರು ಬೆಟ್ಟದ ಹಾಗೆ ನಿಂತಿತ್ತು.

‘ಮಂಡಿಯವರ ವಾಚು ಸಾರ್. ವರ್ಷಕ್ಕೆರಡು ಸಲ ಬರ್ತದೆ’ ಎಂದರು. ಆಮೇಲೆ ನನ್ನದನ್ನು ಕೈಗೆತ್ತಿಕೊಂಡು, ಕೀಲಿಯನ್ನು ತಿರುಚಿ ತೆಗೆದು ಮತ್ತೆ ಬಿಗಿಮಾಡಿ, ‘ಇದಕ್ಕೆ ಸ್ಕ್ರೂ ಐತೆ, ಒಳಗೆ ವಾಷರ್ ಐತೆ. ನೀರೇ ಹೋಗದ ಜಾಗಕ್ಕೆ ಧೂಳು ಎಲ್ಲಿಂದ ಹೋಗ್ತದೆ? ನಮ್ಮೂರಿಗೆ ಇದೇ ಸರಿ ಸಾರ್. ನಂಗ್ ಮಾತ್ರ ಲುಕ್ಸಾನು’ ಎಂದರು.

ಜಪಾನಿನವರು ಸಮುದ್ರವನ್ನು ಹೊರಗಿಡಲು ಮಾಡಿದ ರಬ್ಬರಿನ ಉಂಗುರ ಚಳ್ಳಕೆರೆಯನ್ನು ಹೊರಗಿಡುತ್ತಿದೆ. ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ಐಎಸ್‌ಒದವರು ಕೊಡಲಾರರು. ಧೂಳು ಇಲ್ಲದಿದ್ದರೂ ನಾನು ಕೊಡುತ್ತಿದ್ದೆನೋ ಇಲ್ಲವೋ ಅನುಮಾನ. ಬೆಂಗಳೂರಿನವನು ಕಟ್ಟಿದರೆ ಅದು ಉಪಕರಣ. ಇಲ್ಲಿ, ಮೋಡ ನೋಡುತ್ತ ಬದುಕುವ ಊರಿನಲ್ಲಿ, ಇನ್ನೂರು ಮೀಟರ್ ನೀರನ್ನು ಮುಂಗೈ ಮೇಲೆ ಬರೆದುಕೊಂಡು ಓಡಾಡುವುದು ಅಪ್ಪಟ ಶೃಂಗಾರ. ಹಾಗೆ ನೋಡಿದರೆ ನಮ್ಮ ತಾಲ್ಲೂಕಿನ ಮಟ್ಟಿಗೆ ಡ್ರೆಸ್ ವಾಚು ಅದೇ.

ಇದನ್ನೆಲ್ಲ ಭಾಮೈದನಿಗೆ ಫೋನಿನಲ್ಲಿ ವಿವರಿಸಿದೆ. ‘ಭಾವ, ಕೊಡಲ್ಲ ಅಂತ ಒಂದೇ ಮಾತಲ್ಲಿ ಹೇಳ್ಬಹುದಿತ್ತು’ ಎಂದ. ಹುಡುಗ ಬೇಸರ ಮಾಡಿಕೊಳ್ಳಬಾರದಲ್ಲ, ಅದಕ್ಕೆ ಒಂದು ಒಪ್ಪಂದ ಮಾಡಿಕೊಂಡಿದ್ದೇವೆ. ಸಾಟಿ ಇಲ್ಲ. ಅವನು ನೇತ್ರಾಣಿಗೆ ಹೋಗುವಾಗ ನನ್ನ ವಾಚು ಕಡ ಒಯ್ಯಬಹುದು, ಬರುವ ತನಕ ಅವನ ಎಡ್ಜ್ ನನ್ನ ಬಳಿ ಒತ್ತೆ ಇರಬೇಕು. ದಿನಾಂಕಗಳ ಬಗ್ಗೆ ಜಗಳ ಬರುವ ಸಂಭವವೂ ಇಲ್ಲ: ಮಳೆಗಾಲದಲ್ಲಿ ನೇತ್ರಾಣಿಯಲ್ಲಿ ಡೈವಿಂಗ್ ನಡೆಯುವುದಿಲ್ಲ, ಆಷಾಢದಲ್ಲಿ ಮೊಳಕಾಲ್ಮುರಿನಲ್ಲಿ ಮದುವೆ ನಡೆಯುವುದಿಲ್ಲ.